ತಂತಿಯ ದೋಷವನ್ನು ಅರಸಿದವರು

ಗಾಣ ನಿಂತರೆ ಗಾಣಿಗನು ಗಾಣವನ್ನೇ ನೋಡುತ್ತಾನೆ. ಗಡಿಯಾರ ನಿಂತರೆ ಅದನ್ನು ಸರಿಮಾಡುವವನು ಗಡಿಯಾರದ ಬೆನ್ನನ್ನೇ ಬಿಚ್ಚುತ್ತಾನೆ. ಕೆಟ್ಟ ವಸ್ತುವೂ ಅದನ್ನು ಕೆಡಿಸಿದ ಕಾರಣವೂ ಒಂದೇ ಎಡೆಯಲ್ಲಿ ಇರುವುವೆಂಬ ನಂಬಿಕೆಯು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದವರೆಗೂ ಅಬಾಧಿತವಾಗಿ ನಡೆದುಬಂದಿದ್ದಿತು. ಎರಡು ಊರುಗಳ ನಡುವೆ ತಂತಿಯನ್ನೆಳೆದು, ಒಂದು ಊರಿನ ಮೇಜಿನ ಮೇಲಿರುವ ಯಂತ್ರವನ್ನು ಇನ್ನೊಂದು ಊರಿನ ಮೇಜಿನ ಮೇಲಿರುವ ಯಂತ್ರದೊಡನೆ ಬೆಸೆದ ದಿನ ಆ ನಂಬಿಕೆ ಮುರಿಯಿತು. ಅಂದಿನಿಂದ ದೂರು ಹುಟ್ಟುವ ಸ್ಥಳ ಒಂದು, ದೋಷ ಅಡಗಿರುವ ಸ್ಥಳ ಇನ್ನೊಂದು. ಕಚೇರಿಯ ಗುಮಾಸ್ತನು ತನ್ನೆದುರಿನ ಸೂಜಿ ಅಲುಗದೆ ನಿಂತುದನ್ನು ಕಂಡು ಯಂತ್ರವನ್ನು ತಟ್ಟಿ, ತಿರುಪುಗಳನ್ನು ಬಿಗಿದು, ಬ್ಯಾಟರಿಯ ದ್ರಾವಣವನ್ನು ಬದಲಿಸಿ ಬೇಸರಪಡುತ್ತಿರುವಾಗ, ನಿಜವಾದ ಕಾರಣವು ಅರುವತ್ತು ಮೈಲಿಯಾಚೆ ಯಾವುದೋ ಹೊಲದ ಅಂಚಿನಲ್ಲಿ ಮಳೆಗೆ ನೆನೆದ ಒಂದು ಕಂಬದ ತಲೆಯ ಮೇಲೆ ಇರುತ್ತಿದ್ದಿತು. ಈ ಎರಡು ಸ್ಥಳಗಳ ನಡುವಣ ಅಂತರವನ್ನು, ಕುಳಿತ ಕುರ್ಚಿಯಿಂದ ಏಳದೆಯೇ ಅಳೆದು ಹೇಳುವ ಒಂದು ವಿದ್ಯೆ ಹುಟ್ಟಬೇಕಾಯಿತು. ಇಂದು ಕಚೇರಿಯಲ್ಲಿ ಯಾರಾದರೂ ‘ನೆಟ್‌ವರ್ಕ್ ಬರುತ್ತಿಲ್ಲ’ ಎಂದು ದೂರಿದಾಗ ಓಡಿಬರುವ ತರುಣ ತಂತ್ರಜ್ಞನು, ತಿಳಿದೋ ತಿಳಿಯದೆಯೋ, ಆ ವಿದ್ಯೆಗೆ ವಾರಸುದಾರನಾಗಿದ್ದಾನೆ. ಅದರ ಪೂರ್ವವೃತ್ತಾಂತವನ್ನು, ವಿಶೇಷವಾಗಿ ನಮ್ಮ ದೇಶಕ್ಕೂ ನಮ್ಮ ನಾಡಿಗೂ ಸೇರಿದ ಭಾಗವನ್ನು, ಇಲ್ಲಿ ನಿರೂಪಿಸಬೇಕೆಂದಿದ್ದೇನೆ.

ಭರತಖಂಡದಲ್ಲಿ ವಿದ್ಯುತ್ತಂತಿಯನ್ನು ಎಳೆದ ಮೊದಲಿಗನು ವೃತ್ತಿಯಿಂದ ವೈದ್ಯ. ಐರ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ಬ್ರೂಕ್ ಓಶಾನೆಸಿಯು ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅವರು ಕಳೆದುಕೊಂಡ ನೀರನ್ನೂ ಲವಣವನ್ನೂ ರಕ್ತನಾಳದ ಮೂಲಕವೇ ಹಿಂದಿರುಗಿಸಬಹುದೆಂದು 1831ರಷ್ಟು ಹಿಂದೆಯೇ ಸೂಚಿಸಿದ್ದವನು. ತರುವಾಯ ಈಸ್ಟ್ ಇಂಡಿಯಾ ಕಂಪನಿಯ ವೈದ್ಯಶಾಖೆಯನ್ನು ಸೇರಿ, ಕಲಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿ, 1839ರಲ್ಲಿ ಆ ನಗರದ ಸಸ್ಯೋದ್ಯಾನದ ಬಳಿ ಬಿದಿರಿನ ಗಳುಗಳ ಮೇಲೆ 20 ಮೈಲಿಗೂ ಮಿಕ್ಕ ಕಬ್ಬಿಣದ ತಂತಿಯನ್ನು ಹಾಯಿಸಿ ಪ್ರಯೋಗ ನಡೆಸಿದನು. ಸರಕಾರವು ಬಹುಕಾಲ ಅದನ್ನು ಲಕ್ಷಿಸಲಿಲ್ಲ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದಮೇಲೆ, 1851ರಲ್ಲಿ, ಕಲಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ ಮಾರ್ಗ ತೆರೆಯಿತು. 1853ರ ನವೆಂಬರಿನಲ್ಲಿ ಆಗ್ರಾದ ಕಡೆಗೆ ಮೊದಲಾದ ಕೆಲಸವು ಮರುವರ್ಷದ ಮಾರ್ಚ್ ತಿಂಗಳಲ್ಲಿ ಮುಗಿದು, 1856ರಲ್ಲಿ ಡಾಲ್‌ಹೌಸಿಯು ಅಧಿಕಾರವನ್ನು ಬಿಟ್ಟುಕೊಡುವಷ್ಟರಲ್ಲಿ ಸುಮಾರು 4,000 ಮೈಲಿಗಳ ತಂತಿಮಾರ್ಗ ಸಿದ್ಧವಾಗಿದ್ದಿತು. ಅವಸರದಲ್ಲಿ ಕಟ್ಟಿದ ಕೆಲಸವೆಂಬುದನ್ನು ಮರೆಯಬಾರದು. ಅವಸರಕ್ಕೆ ರಾಜಕೀಯ ಕಾರಣಗಳಿದ್ದುವು. ಅವಸರದ ಫಲವನ್ನು ಅನುಭವಿಸಿದವರು ಮಾತ್ರ ಮಾರ್ಗವನ್ನು ಕಾಯುವ ಕೆಲಸಗಾರರು.

ಇಂಗ್ಲೆಂಡಿನ ರೈಲುಹಾದಿಗಳ ಪಕ್ಕದಲ್ಲಿ ತೆಳುವಾದ ತಂತಿ ನೆಮ್ಮದಿಯಾಗಿ ನಿಲ್ಲುತ್ತಿದ್ದಿತು. ಇಲ್ಲಿ ಹಾಗಾಗುವಂತಿರಲಿಲ್ಲ. ಮರದ ಕಂಬವನ್ನು ನೆಟ್ಟರೆ ಗೆದ್ದಲು ಅದನ್ನು ಬುಡದಿಂದಲೇ ತಿನ್ನುವುದು; ಆನೆಗಳು ಮೈತಿಕ್ಕಿಕೊಳ್ಳಲು ಅದನ್ನೇ ಆರಿಸಿಕೊಳ್ಳುವುವು; ಕೋತಿಗಳಿಗೆ ತಂತಿಯು ಉಯ್ಯಾಲೆಯಾಗುವುದು; ಹದ್ದು ರಣಹದ್ದುಗಳು ಗುಂಪುಗುಂಪಾಗಿ ಬಂದು ಅದರ ಮೇಲೆ ಕುಳಿತುಕೊಳ್ಳುವುವು. ಓಶಾನೆಸಿಯು ಇದನ್ನೆಲ್ಲ ಲೆಕ್ಕಹಾಕಿ, ತಂತಿಯನ್ನು ಕೈಬಿಟ್ಟು, ಒಂದು ಅಂಗುಲದ ಎಂಟರಲ್ಲಿ ಮೂರು ಪಾಲಿನಷ್ಟು ದಪ್ಪವಾದ ಕಬ್ಬಿಣದ ಸರಳುಗಳನ್ನೇ ಬೆಸುಗೆಹಾಕಿ ಕಂಬದಿಂದ ಕಂಬಕ್ಕೆ ಸಾಗಿಸಿದನು. ಇಷ್ಟು ದಪ್ಪದ ಲೋಹದಲ್ಲಿ ವಿದ್ಯುತ್ಪ್ರವಾಹವು ಸರಾಗವಾಗಿ ಹರಿಯುವುದರಿಂದ ಕಂಬದ ತಲೆಯಲ್ಲಿ ಪಿಂಗಾಣಿಯ ರಕ್ಷೆಗೆ ಹೆಚ್ಚಿನ ಶ್ರಮ ಬೇಕಿಲ್ಲವೆಂಬುದು ಅವನ ವಾದ. ಒಣನೆಲದಲ್ಲಿ ಈ ವಾದ ನಡೆಯುತ್ತಿದ್ದಿತು. ಮುಂಗಾರು ಬಂದು ಕಂಬಗಳೆಲ್ಲ ತೊಯ್ದಾಗ ಪ್ರತಿಯೊಂದು ಕಂಬದಲ್ಲಿಯೂ ತುಸುತುಸುವಾಗಿ ವಿದ್ಯುತ್ತು ನೆಲಕ್ಕೆ ಸೋರಿ, ನೂರು ಮೈಲಿ ಸಾಗುವಷ್ಟರಲ್ಲಿ ಸೂಜಿಯನ್ನು ಅಲುಗಿಸುವ ಶಕ್ತಿಯೂ ಉಳಿಯುತ್ತಿರಲಿಲ್ಲ. ಮುಂದೆ ಆ ಸರಳುಗಳನ್ನು ತೆಗೆದು, ತೆಳುವಾದ ತಂತಿಯನ್ನೂ ಉತ್ತಮವಾದ ಪಿಂಗಾಣಿಯ ಬಟ್ಟಲುಗಳನ್ನೂ ಹಾಕಿ ಮಾರ್ಗಗಳನ್ನು ಪುನಃ ಕಟ್ಟಬೇಕಾಯಿತು.

ನಮ್ಮ ನಾಡಿನ ಪಾಲು ಇದರಲ್ಲಿ ಅಲ್ಪವಾದುದಲ್ಲ. ಬೊಂಬಾಯಿಯಿಂದ ಮದರಾಸಿಗೆ ಹೋದ ಮಾರ್ಗವು ತುಂಗಭದ್ರೆಯನ್ನು ದಾಟಬೇಕಾಗಿದ್ದಿತು. ಡಾಲ್‌ಹೌಸಿಯು ತನ್ನ ಆಡಳಿತವನ್ನು ಸಿಂಹಾವಲೋಕನ ಮಾಡಿ ಬರೆದ 1856ರ ದೀರ್ಘ ಟಿಪ್ಪಣಿಯಲ್ಲಿ, ಈ ತಂತಿಮಾರ್ಗಗಳು ಒಟ್ಟು 70 ನದಿಗಳನ್ನು ದಾಟಿವೆಯೆಂದೂ, ಅವೆಲ್ಲವುಗಳಲ್ಲಿ ಅತಿ ಉದ್ದವಾದ ದಾಟು ತುಂಗಭದ್ರೆಯದೆಂದೂ, ಅದರ ಅಳತೆ ಎರಡು ಮೈಲಿಗೂ ಮೀರಿದುದೆಂದೂ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಕೆಲವು ನದಿಗಳಲ್ಲಿ ನೀರಿನ ಅಡಿಯಲ್ಲಿ ಕೇಬಲನ್ನು ಮುಳುಗಿಸಿದರು. ಕೆಲವೆಡೆ ಎತ್ತರದ ಸ್ತಂಭಗಳಿಂದ ತಂತಿಯನ್ನು ತೂಗುಬಿಟ್ಟರು. ಗೆದ್ದಲಿಗೂ ಮಳೆಗೂ ಜಗ್ಗದಿರಲೆಂದು ಕೆಲವು ಭಾಗಗಳಲ್ಲಿ ಇಟ್ಟಿಗೆಗಾರೆಯ ಸ್ತಂಭಗಳನ್ನೂ ಇನ್ನು ಕೆಲವೆಡೆ ಕರಿಕಲ್ಲಿನ ಕಂಬಗಳನ್ನೂ ನಿಲ್ಲಿಸಿದರೆಂದು ಅದೇ ಟಿಪ್ಪಣಿ ತಿಳಿಸುತ್ತದೆ. ಕಲ್ಲುಕಂಬವನ್ನು ಸೀಳಿ ನಿಲ್ಲಿಸುವುದು ದಕ್ಷಿಣದ ಕಲ್ಲುಕುಟಿಗರಿಗೆ ಹೊಸ ವಿದ್ಯೆಯೇನಲ್ಲ. ಆದರೆ ಕಲ್ಲು ಗೆದ್ದಲನ್ನು ತಡೆಯಿತೇ ಹೊರತು ಸಿಡಿಲನ್ನು ತಡೆಯಲಿಲ್ಲ. ಮಳೆಗಾಲದ ಹೊಳೆಯು ಕೊಚ್ಚಿಕೊಂಡು ಬಂದ ಮರದ ದಿಮ್ಮಿಯನ್ನೂ ತಡೆಯಲಿಲ್ಲ.

ಮಾರ್ಗವು ನಿಂತಾಗ ಮಾಡಬೇಕಾದುದೇನು? ಆದಿಯಲ್ಲಿ ಇದ್ದ ಉಪಾಯ ಒಂದೇ. ಎರಡೂ ಕಡೆಯ ಕಚೇರಿಗಳಿಂದ ಲೈನಿನ ಆಳುಗಳು ಹೊರಟು, ಕತ್ತನ್ನು ಮೇಲೆತ್ತಿ ಪ್ರತಿಯೊಂದು ಕಂಬವನ್ನೂ ನೋಡುತ್ತ, ನಡುವೆ ಎಲ್ಲಿಯೋ ಒಬ್ಬರನ್ನೊಬ್ಬರು ಸಂಧಿಸುವವರೆಗೆ ನಡೆಯುವುದು. ಮಾರ್ಗಮಧ್ಯದಲ್ಲಿ ಕಚೇರಿಗಳಿದ್ದರೆ ಶ್ರಮವು ಸ್ವಲ್ಪ ಕಡಮೆಯಾಗುವುದು. ಒಂದೊಂದು ಕಚೇರಿಯನ್ನೂ ಕರೆದು ನೋಡಿ, ಯಾವುದರವರೆಗೆ ಉತ್ತರ ಬರುತ್ತದೆ, ಯಾವುದರಿಂದಾಚೆಗೆ ಬರುವುದಿಲ್ಲವೆಂಬುದನ್ನು ಗೊತ್ತುಮಾಡಿಕೊಂಡು, ಆ ಎರಡು ಕಚೇರಿಗಳ ನಡುವಣ ತುಂಡನ್ನು ಮಾತ್ರ ಸೋಸಿದರಾಯಿತು. ದೋಷ ಎಲ್ಲಿಲ್ಲವೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳುವ ಈ ಕ್ರಮವು ಈ ವೃತ್ತಿಯ ಅತ್ಯಂತ ಪುರಾತನವಾದ ಸೂತ್ರ. ಇಂದಿಗೂ ಅದಕ್ಕಿಂತ ಉತ್ತಮವಾದುದನ್ನು ಯಾರೂ ಕಂಡುಹಿಡಿದಿಲ್ಲ. ದೋಷಗಳನ್ನು ಮೂರು ಜಾತಿಯಾಗಿ ವಿಂಗಡಿಸುವ ವಾಡಿಕೆಯೂ ಆಗಲೇ ಬಳಕೆಗೆ ಬಂದಿತು. ತಂತಿ ತುಂಡಾಗಿ ಪ್ರವಾಹ ನಿಂತುಹೋಗುವುದು ಒಂದು. ತಂತಿಯು ನೆಲಕ್ಕೋ ಒದ್ದೆಯಾದ ಕಂಬಕ್ಕೋ ತಗುಲಿ ವಿದ್ಯುತ್ತು ಸೋರಿಹೋಗುವುದು ಎರಡನೆಯದು, ಇದನ್ನು ಲೈನ್‌ಮನ್ನರು ‘ಅರ್ತ್’ ಎನ್ನುತ್ತಾರೆ. ಒಂದು ತಂತಿ ಪಕ್ಕದ ತಂತಿಯನ್ನು ಮುಟ್ಟಿ, ಒಬ್ಬರ ಸುದ್ದಿ ಇನ್ನೊಬ್ಬರ ಮೇಜಿನಲ್ಲಿ ಬಡಿದುಕೊಳ್ಳುವುದು ಮೂರನೆಯದು. ಕಾಗೆಯ ಗೂಡಿನ ಒಂದು ತಂತಿಚೂರು ಮೂರನೆಯದಕ್ಕೆ ಸಾಕು.

ನಡೆದು ಹುಡುಕುವುದು ನೆಲದ ಮೇಲೆ ಸಾಧ್ಯ. ಸಮುದ್ರದ ತಳದಲ್ಲಿ ಯಾರು ನಡೆಯುವರು? ದೋಷಶೋಧನೆಯನ್ನು ಕಾಲಿನ ಕೆಲಸದಿಂದ ಗಣಿತದ ಕೆಲಸವಾಗಿ ಪರಿವರ್ತಿಸಿದುದು ಸಮುದ್ರವೇ. 1858ರ ಆಗಸ್ಟ್ 5ರಂದು ಐರ್ಲೆಂಡಿನ ವೇಲೆನ್ಶಿಯಾ ದ್ವೀಪಕ್ಕೂ ಅಮೆರಿಕದ ಕಡೆಯ ನ್ಯೂಫೌಂಡ್‌ಲ್ಯಾಂಡಿಗೂ ನಡುವೆ ಅಟ್ಲಾಂಟಿಕ್ ಕೇಬಲ್ ಪೂರ್ಣವಾದಾಗ ಎರಡು ಖಂಡಗಳಲ್ಲಿಯೂ ಉತ್ಸವಗಳಾದುವು. ವಿಕ್ಟೋರಿಯಾ ರಾಣಿಯು ಅಮೆರಿಕದ ಅಧ್ಯಕ್ಷ ಬ್ಯುಕ್ಯಾನನ್ನನಿಗೆ ಕಳುಹಿಸಿದ 98 ಪದಗಳ ಸಂದೇಶವು ಸಾಗರವನ್ನು ದಾಟಲು 16 ಗಂಟೆಗಳನ್ನು ತೆಗೆದುಕೊಂಡಿತು. ಆ ಕೇಬಲನ್ನು ಹಾಸಿದ ಕಂಪನಿಯ ವಿದ್ಯುತ್ತಜ್ಞನಾಗಿದ್ದ ವೈಲ್ಡ್‌ಮನ್ ವೈಟ್‌ಹೌಸನು ಕೂಡ, ವಿಚಿತ್ರವೆಂಬಂತೆ, ವೃತ್ತಿಯಿಂದ ಶಸ್ತ್ರವೈದ್ಯನೇ. ಆದರೆ ಓಶಾನೆಸಿಗಿದ್ದ ಪ್ರಯೋಗಬುದ್ಧಿಯ ವಿನಯ ಅವನಲ್ಲಿರಲಿಲ್ಲ. ಗ್ಲಾಸ್ಗೋದ ವಿಲಿಯಂ ಥಾಮ್ಸನ್ನನು ಉದ್ದವಾದ ಕೇಬಲಿನಲ್ಲಿ ಸಂಕೇತಗಳು ಏತಕ್ಕೆ ಮಂದವಾಗುವುವೆಂಬುದನ್ನು ಗಣಿತದಿಂದ ತೋರಿಸಿ, ಅತ್ಯಲ್ಪ ಪ್ರವಾಹಕ್ಕೂ ತಿರುಗುವ ಕನ್ನಡಿಯ ಮೇಲಿಂದ ಬೆಳಕಿನ ಕಿರಣವನ್ನು ಪ್ರತಿಫಲಿಸುವ ಸೂಕ್ಷ್ಮವಾದ ಗ್ಯಾಲ್ವನೋಮೀಟರನ್ನು ನಿರ್ಮಿಸಿದ್ದನು. ವೈಟ್‌ಹೌಸನಿಗೆ ಅದರಲ್ಲಿ ವಿಶ್ವಾಸವಿಲ್ಲ. ಸಂಕೇತ ಮಂದವಾದರೆ ಒತ್ತಡವನ್ನು ಹೆಚ್ಚಿಸಬೇಕೆಂಬುದು ಅವನ ಮತ. ಐದು ಅಡಿ ಉದ್ದದ ಸುರುಳಿಗಳಿಂದ ಸುಮಾರು 2,000 ವೋಲ್ಟ್‌ಗಳ ಆಘಾತಗಳನ್ನು, ಮೊದಲೇ ದುರ್ಬಲವಾಗಿದ್ದ ಆ ಕೇಬಲಿಗೆ ಕೊಟ್ಟನು. ಕೆಲವೇ ವಾರಗಳಲ್ಲಿ ಅದು ಮೂಕವಾಯಿತು. ಅಲುಗದ ಯಂತ್ರಕ್ಕೆ ಇನ್ನೊಂದು ಗುದ್ದು ಕೊಟ್ಟು ನೋಡುವ ಚಪಲ ನಮ್ಮೆಲ್ಲರಲ್ಲಿಯೂ ಇರುವುದಾದರೂ, ಅದಕ್ಕೆ ಇಷ್ಟು ದುಬಾರಿಯಾದ ದೃಷ್ಟಾಂತ ಇನ್ನೊಂದು ಸಿಕ್ಕಲಾರದು.

ಕ್ರಾಮ್‌ವೆಲ್ ವಾರ್ಲಿ ಎಂಬ ತಂತಿ ಎಂಜಿನಿಯರನು ವೇಲೆನ್ಶಿಯಾಕ್ಕೆ ಹೋಗಿ, ಕೇಬಲಿನ ತುದಿಯಲ್ಲಿ ಕುಳಿತು ರೋಧವನ್ನಳೆದು, ದೋಷವು ತೀರದಿಂದ ಸುಮಾರು 300 ಮೈಲಿಗಳೊಳಗೆ ಇದೆಯೆಂದು ವರದಿಮಾಡಿದನು. ಈ ಅಳತೆಯ ಮರ್ಮವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏತಕ್ಕೆಂದರೆ ಈ ಕಥೆಯ ತಿರುಳೇ ಅದು. ಒಂದೇ ದಪ್ಪದ ತಂತಿಯಲ್ಲಿ ವಿದ್ಯುತ್ತಿಗೆ ಒದಗುವ ರೋಧವು ತಂತಿಯ ಉದ್ದಕ್ಕೆ ಅನುಗುಣವಾದುದೆಂದು ಜರ್ಮನಿಯ ಓಮ್ ಎಂಬ ವಿದ್ವಾಂಸನು 1827ರಲ್ಲಿ ಪ್ರತಿಪಾದಿಸಿದ್ದನು. ಎರಡು ರೋಧಗಳನ್ನು ತಕ್ಕಡಿಯಲ್ಲಿಟ್ಟಂತೆ ತೂಗಿನೋಡುವ ಉಪಕರಣವನ್ನು 1833ರಲ್ಲಿ ಕ್ರಿಸ್ಟಿ ಎಂಬಾತನು ಕಲ್ಪಿಸಿ, 1843ರಲ್ಲಿ ವೀಟ್‌ಸ್ಟನ್ನನು ಪ್ರಸಿದ್ಧಿಗೆ ತಂದಿದ್ದನು. ಆದುದರಿಂದ ಮೈಲಿಯೊಂದಕ್ಕೆ ಇಷ್ಟು ರೋಧವೆಂದು ಗೊತ್ತಿದ್ದರೆ, ತಂತಿಯ ತುದಿಯಲ್ಲಿ ಕಂಡ ರೋಧವನ್ನು ಅದರಿಂದ ಭಾಗಿಸಿ ದೂರವನ್ನು ತಿಳಿಯಬಹುದು. ತೊಡಕು ಒಂದೇ: ಸೋರಿಕೆಯ ಸ್ಥಳಕ್ಕೂ ತನ್ನದೇ ಆದ ರೋಧವಿರುವುದು, ಅದು ಎಷ್ಟೆಂದು ಯಾರಿಗೂ ತಿಳಿಯದು, ಅದು ಗಳಿಗೆಗಳಿಗೆಗೂ ಬದಲಾಗುತ್ತಲೂ ಇರುವುದು. ಈ ತೊಡಕನ್ನು ಬಿಡಿಸಿದುದು ಮರ್ರೆ ಮತ್ತು ವಾರ್ಲಿಯವರ ಹೆಸರಿನಿಂದ ಪ್ರಸಿದ್ಧವಾದ ಕುಣಿಕೆಯ ಪರೀಕ್ಷೆ. ಕೆಟ್ಟ ತಂತಿಯ ದೂರದ ತುದಿಯನ್ನು ಒಂದು ಒಳ್ಳೆಯ ತಂತಿಯ ತುದಿಗೆ ಕಟ್ಟಿಸಿ, ಹೋಗಿಬರುವ ಒಂದು ಕುಣಿಕೆಯನ್ನಾಗಿ ಮಾಡಿಕೊಂಡು, ದೋಷದಿಂದ ಆಚೆಯ ಭಾಗವನ್ನೂ ಈಚೆಯ ಭಾಗವನ್ನೂ ತಕ್ಕಡಿಯಲ್ಲಿ ಒಂದಕ್ಕೊಂದು ತೂಗುವುದು. ಆಗ ದೋಷದ ಸ್ವಂತ ರೋಧವು ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಮಾರ್ಗ 100 ಮೈಲಿಯದಾಗಿದ್ದರೆ ಕುಣಿಕೆ 200 ಮೈಲಿ. ಸೂಜಿ ನಡುವೆ ನಿಂತಾಗ ಎರಡು ತೋಳುಗಳ ಪ್ರಮಾಣ ನಾಲ್ಕಕ್ಕೆ ಒಂದು ಎಂದು ಬಂದರೆ, ದೋಷವು ಕುಣಿಕೆಯ ಐದರಲ್ಲಿ ಒಂದು ಪಾಲು ದೂರದಲ್ಲಿ, ಅಂದರೆ 40ನೆಯ ಮೈಲಿಯಲ್ಲಿ ಇದೆ. ದೋಷದ ಗುಣವೇನೆಂದು ತಿಳಿಯದೆಯೂ ಅದರ ಸ್ಥಾನವನ್ನು ತಿಳಿಯಬಹುದೆಂಬ ಈ ಯುಕ್ತಿ ನನಗೆ ಆ ಶತಮಾನದ ದೊಡ್ಡ ದೊಡ್ಡ ಯಂತ್ರಗಳಿಗಿಂತಲೂ ಹೆಚ್ಚು ರಮಣೀಯವಾಗಿ ತೋರುತ್ತದೆ.

ಇಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಮೈಲಿಗೆ ಇಷ್ಟು ರೋಧ ಎನ್ನುವಾಗ ಆ ‘ಇಷ್ಟು’ ಎಂಬುದನ್ನು ಯಾವ ಮಾನದಲ್ಲಿ ಹೇಳಬೇಕು? ಒಬ್ಬನು ತನ್ನ ದೇಶದ ತಂತಿಯ ಒಂದು ಮೈಲಿಯನ್ನೇ ಮಾನವಾಗಿಟ್ಟುಕೊಂಡರೆ, ಜರ್ಮನಿಯ ಸೀಮೆನ್ಸನು ಒಂದು ಮೀಟರ್ ಉದ್ದದ ಪಾದರಸದ ಕಂಬವನ್ನು ಮಾನವಾಗಿಟ್ಟುಕೊಂಡಿದ್ದನು. ಹಡಗಿನಲ್ಲಿ ಕುಳಿತವನ ಅಳತೆಯೂ ತೀರದಲ್ಲಿ ಕುಳಿತವನ ಅಳತೆಯೂ ಹೊಂದದಿದ್ದರೆ ಕೇಬಲನ್ನು ಎತ್ತುವುದೆಲ್ಲಿ? 1861ರಲ್ಲಿ ಲ್ಯಾಟಿಮರ್ ಕ್ಲಾರ್ಕ್ ಮತ್ತು ಚಾರ್ಲ್ಸ್ ಬ್ರೈಟ್ ಎಂಬ ಇಬ್ಬರು ಕೇಬಲ್ ಎಂಜಿನಿಯರರು ಬ್ರಿಟಿಷ್ ವಿಜ್ಞಾನ ಸಂಘದ ಸಭೆಯಲ್ಲಿ ವಿದ್ಯುತ್ತಿನ ಮಾನಗಳಿಗೆ ವಿದ್ವಾಂಸರ ಹೆಸರುಗಳನ್ನು ಇಡಬೇಕೆಂದು ಸೂಚಿಸಿದರು. ಅದೇ ವರ್ಷ ಥಾಮ್ಸನ್ನನ ಪ್ರೇರಣೆಯಿಂದ ಒಂದು ಸಮಿತಿ ಏರ್ಪಟ್ಟು, ಮ್ಯಾಕ್ಸ್‌ವೆಲ್ಲನಂಥವನು ಲಂಡನ್ನಿನಲ್ಲಿ ಕುಳಿತು ತಂತಿಯ ಸುರುಳಿಗಳನ್ನು ತಿರುಗಿಸಿ ರೋಧದ ಮಾನವನ್ನು ನಿರ್ಧರಿಸಿದನು. ಶಾಲೆಯ ಹುಡುಗರು ಇಂದು ಬಾಯಿಪಾಠ ಮಾಡುವ ಓಮ್ ಎಂಬ ಮಾನವು ವಿದ್ವಾಂಸರ ಕುತೂಹಲದಿಂದ ಎಷ್ಟು ಹುಟ್ಟಿತೋ ಕಡಲಿನಲ್ಲಿ ಕೆಟ್ಟುಹೋದ ಕೇಬಲುಗಳ ಕಾಟದಿಂದಲೂ ಅಷ್ಟೇ ಹುಟ್ಟಿತು. ನಮ್ಮ ಪಠ್ಯಪುಸ್ತಕಗಳು ಈ ಸಂಗತಿಯನ್ನು ಹೇಳುವುದಿಲ್ಲ. ಹೇಳಿದ್ದರೆ ಆ ಪಾಠ ಅಷ್ಟು ಒಣಗಿರುತ್ತಿರಲಿಲ್ಲ.

ಆ ಕಾಟದಲ್ಲಿ ಭಾರತದ ಭಾಗವೂ ಇದ್ದಿತು. 1857ರ ದಂಗೆಯ ಬಳಿಕ ಲಂಡನ್ನಿಗೂ ಭಾರತಕ್ಕೂ ನೇರವಾದ ಸಂಪರ್ಕ ಬೇಕೆಂದು ಆತುರಪಟ್ಟು, ಕೆಂಪುಸಮುದ್ರದ ಮಾರ್ಗವಾಗಿ ಕರಾಚಿಗೆ 1859 ಮತ್ತು 1860ರಲ್ಲಿ ಕೇಬಲನ್ನು ಹಾಸಿದರು. ಸಮುದ್ರತಳದ ಏರಿಳಿತಗಳನ್ನು ಗಮನಿಸದೆ ಬಿಗಿಯಾಗಿ ಎಳೆದು ಹಾಸಿದ್ದರಿಂದ ಅದು ಬಂಡೆಯಿಂದ ಬಂಡೆಗೆ ತೂಗುಬಿದ್ದು, ಅಲ್ಪಕಾಲದಲ್ಲಿಯೇ ಅಲ್ಲಲ್ಲಿ ತುಂಡಾಗಿ ನಿಷ್ಪ್ರಯೋಜಕವಾಯಿತು. ಬ್ರಿಟಿಷ್ ಸರಕಾರವು ಷೇರುದಾರರಿಗೆ ಯಾವ ಷರತ್ತೂ ಇಲ್ಲದ ಭರವಸೆಯಿತ್ತಿದ್ದುದರಿಂದ, ಕಡಲ ತಳದಲ್ಲಿ ಸತ್ತು ಬಿದ್ದಿದ್ದ ಆ ಕೇಬಲಿಗಾಗಿ ವರ್ಷಕ್ಕೆ 36,000 ಪೌಂಡುಗಳಂತೆ ಐವತ್ತು ವರ್ಷ ತೆರಬೇಕಾಯಿತು. ಇಂಥ ಪೆಟ್ಟುಗಳನ್ನು ತಿಂದಮೇಲೆ 1861ರಲ್ಲಿ ತನಿಖೆಯ ಸಮಿತಿಯೊಂದರ ಬೃಹತ್ತಾದ ವರದಿ ಪ್ರಕಟವಾಗಿ, ಕೇಬಲನ್ನು ಕಾರ್ಖಾನೆಯಲ್ಲಿಯೇ ಅಳೆದು ಪರೀಕ್ಷಿಸದೆ ಕಡಲಿಗಿಳಿಸಬಾರದೆಂಬ ಶಿಸ್ತು ಬೇರೂರಿತು. 1864ರಲ್ಲಿ ಬ್ರೈಟನ ಮೇಲ್ವಿಚಾರಣೆಯಲ್ಲಿ ಪರ್ಷಿಯಾ ಕೊಲ್ಲಿಯಲ್ಲಿ ಹಾಸಿದ ಕೇಬಲು ಉಳಿದುದು ಆ ಶಿಸ್ತಿನಿಂದ. 1870ರಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ ಮಹಾನೌಕೆಯು ಬೊಂಬಾಯಿಯಿಂದ ಏಡನ್ನಿಗೆ ಹಾಸಿದ ಕೇಬಲು ಬಂದಮೇಲೆ ಲಂಡನ್ನಿಗೆ ಸುದ್ದಿಯು ಗಂಟೆಗಳ ಲೆಕ್ಕದಲ್ಲಿ ತಲುಪತೊಡಗಿತು.

ಅದೇ ನೌಕೆಯ ಐದು ವರ್ಷ ಹಿಂದಿನ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. 1865ರ ಜುಲೈ ತಿಂಗಳಿನಲ್ಲಿ ಅದು ಅಟ್ಲಾಂಟಿಕ್ಕಿನಲ್ಲಿ ಹೊಸ ಕೇಬಲನ್ನು ಬಿಡುತ್ತ ಸಾಗುತ್ತಿದ್ದಾಗ ಪರೀಕ್ಷೆಯ ಸೂಜಿಯು ಸೋರಿಕೆಯನ್ನು ತೋರಿಸಿತು. ಹಾಸಿದ ಕೇಬಲನ್ನು ಮೈಲಿಗಟ್ಟಲೆ ಹಿಂದಕ್ಕೆ ಎಳೆದುನೋಡಿದರೆ, ಎರಡು ಅಂಗುಲ ಉದ್ದದ ಒಂದು ಕಬ್ಬಿಣದ ತಂತಿ ಹೊದಿಕೆಯ ಮೂಲಕ ಒಳಗಿನ ತಾಮ್ರದವರೆಗೆ ಚುಚ್ಚಿಕೊಂಡಿದ್ದಿತು. ಇನ್ನೊಮ್ಮೆ ಅಂಥದೇ ದೋಷ ಕಂಡಾಗ, ಎರಡು ಸಲವೂ ಹಡಗಿನಲ್ಲಿ ಕೇಬಲನ್ನು ಸುತ್ತಿಟ್ಟಿದ್ದ ತೊಟ್ಟಿಯಲ್ಲಿ ಇದ್ದುದು ಒಂದೇ ತಂಡದ ಕೂಲಿಗಳೆಂಬುದು ಗೊತ್ತಾಗಿ, ಇದು ದ್ರೋಹಿಯೊಬ್ಬನ ಕೃತ್ಯವೆಂದು ಎಲ್ಲರೂ ನಿಶ್ಚಯಿಸಿದರು. ಗಣ್ಯರು ತಾವೇ ಸರದಿಯ ಮೇಲೆ ತೊಟ್ಟಿಯೊಳಗೆ ಕುಳಿತು ಕಾವಲಿದ್ದರು. ಕಡೆಗೆ ತಿಳಿದುಬಂದುದೇನೆಂದರೆ, ಕೇಬಲಿನ ಹೊರಗವಚದ ತಂತಿಯೇ ಪೆಡಸಾಗಿದ್ದು, ಸುತ್ತಿದ ಕೇಬಲಿನ ಭಾರಕ್ಕೆ ಮುರಿದು, ತನ್ನ ಕೆಳಗಿನ ಪದರವನ್ನು ತಾನೇ ಚುಚ್ಚುತ್ತಿದ್ದಿತು. ಕಾರಣ ತಿಳಿಯದ ದೋಷವನ್ನು ಕೈಗೆ ಸಿಕ್ಕ ಬಡವನ ಮೇಲೆ ಹೊರಿಸುವುದು ಈ ವೃತ್ತಿಯ ಹಳೆಯ ಪಾಪ. ಆಗಸ್ಟ್ 2ರಂದು ಆ ಕೇಬಲು ಹರಿದು ಸುಮಾರು 2,000 ಮಾರು ಆಳಕ್ಕೆ ಮುಳುಗಿತು. ಮರುವರ್ಷ ಅದನ್ನು ಕೊಕ್ಕೆಹಾಕಿ ಎತ್ತಿ, ಮತ್ತೆ ಬೆಸೆದು, ಪೂರ್ತಿಮಾಡಿದರು.

ನೆಲದ ಮೇಲಿನ ಮಾರ್ಗಗಳಿಗೆ ಈ ಗಣಿತವನ್ನು ಕ್ರಮವಾಗಿ ಅನ್ವಯಿಸಿದ ಕೀರ್ತಿಯು ಬಹುಮಟ್ಟಿಗೆ ಭಾರತದ ತಂತಿ ಇಲಾಖೆಗೆ ಸಲ್ಲಬೇಕು. ಆ ಇಲಾಖೆಯಲ್ಲಿದ್ದ ಲೂಯಿ ಶ್ವೆಂಡ್ಲರ್ ಎಂಬ ಜರ್ಮನ್ ವಿದ್ಯುತ್ತಜ್ಞನು 1870ರ ದಶಕದಲ್ಲಿ ಮಾರ್ಗಗಳ ಪರೀಕ್ಷೆಯನ್ನು ಕುರಿತ ಕೈಪಿಡಿಯನ್ನು ರಚಿಸಿದನು. ಅದು ಹೊರದೇಶಗಳಲ್ಲಿಯೂ ಓದಲ್ಪಟ್ಟಿತು. ಕಲಕತ್ತೆಯ ಮೃಗಾಲಯವನ್ನು ಸ್ಥಾಪಿಸಿದವರಲ್ಲಿಯೂ ಅವನೊಬ್ಬ. ಕೋತಿ ಹದ್ದುಗಳಿಂದ ಇಷ್ಟು ಉಪದ್ರವಪಟ್ಟ ಇಲಾಖೆಯ ಅಧಿಕಾರಿಯು ಪ್ರಾಣಿಗಳ ಮೇಲೆ ಇಷ್ಟು ಪ್ರೀತಿಯಿಟ್ಟಿದ್ದನೆಂಬುದು ಮೆಚ್ಚತಕ್ಕ ಮಾತೇ. ಇಂಥ ಪರೀಕ್ಷಾಕ್ರಮದ ಜೀವಾಳವು ನಿತ್ಯದ ಅಳತೆ. ಮಾರ್ಗವು ಚೆನ್ನಾಗಿರುವಾಗಲೇ ಅದನ್ನು ಅಳೆದು ದಪ್ತರದಲ್ಲಿ ಬರೆದಿಡಬೇಕು. ಮಳೆಯೋ ಬಿಸಿಲೋ ಎಂಬುದನ್ನೂ ಪಕ್ಕದಲ್ಲಿ ಗುರುತಿಸಬೇಕು. ಸ್ವಸ್ಥಸ್ಥಿತಿಯ ಲೆಕ್ಕವಿಲ್ಲದಿದ್ದರೆ ಕೆಟ್ಟ ದಿನದ ಲೆಕ್ಕಕ್ಕೆ ಅರ್ಥವಿಲ್ಲ.

ಎಷ್ಟೇ ಗಣಿತವಿದ್ದರೂ ಒಂದು ಜಾತಿಯ ದೋಷ ಮಾತ್ರ ಕೈಗೆ ಸಿಕ್ಕದೆ ಉಳಿಯಿತು. ಅದು ಬಂದುಹೋಗುವ ದೋಷ. ಗಾಳಿ ಬೀಸಿದಾಗ ಮಾತ್ರ ಎರಡು ತಂತಿಗಳು ತಗುಲುವುವು, ಗಾಳಿ ನಿಂತೊಡನೆ ಬಿಡುವುವು. ಇಬ್ಬನಿ ಬಿದ್ದ ಬೆಳಗಿನಲ್ಲಿ ಸೋರುವ ಪಿಂಗಾಣಿಯು ಬಿಸಿಲೇರಿದಾಗ ನಿರ್ದೋಷಿಯಾಗಿ ನಿಲ್ಲುವುದು. ಸರಿಯಾಗಿ ಬೆಸೆಯದ ಸಂಧಿಯೊಂದು ಮಧ್ಯಾಹ್ನದ ಶಾಖಕ್ಕೆ ಬಾಯ್ಬಿಟ್ಟು ಸಂಜೆಯ ತಂಪಿಗೆ ಮುಚ್ಚಿಕೊಳ್ಳುವುದು. ಪರೀಕ್ಷಕನು ಉಪಕರಣವನ್ನು ಜೋಡಿಸುವಷ್ಟರಲ್ಲಿ ಮಾರ್ಗ ಸರಿಯಾಗಿರುತ್ತದೆ. ಅವನು ‘ದೋಷವಿಲ್ಲ’ ಎಂದು ಬರೆದು ಎದ್ದೊಡನೆ ಮತ್ತೆ ಕೆಡುತ್ತದೆ. ಪೂರ್ಣವಾಗಿ ತುಂಡಾದ ತಂತಿಗಿಂತ ಇದು ನೂರುಮಡಿ ಕಷ್ಟದ್ದೆಂಬುದನ್ನು ಈ ಕೆಲಸ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ತಂತಿ, ಟೆಲಿಫೋನು, ಕಂಪ್ಯೂಟರು ಎಂದು ಯಂತ್ರಗಳು ಬದಲಾದರೂ ಈ ದೋಷದ ಸ್ವಭಾವ ಬದಲಾಗಲಿಲ್ಲ.

1882ರ ಜನವರಿ 28ರಂದು ಕಲಕತ್ತೆ, ಬೊಂಬಾಯಿ, ಮದರಾಸುಗಳಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳು ತೆರೆದುವು. ಸ್ವಾತಂತ್ರ್ಯಾನಂತರ 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪಿತವಾಗಿ, ದೂರವಾಣಿನಗರವೆಂಬ ಒಂದು ಊರೇ ಅದರ ಸುತ್ತ ಬೆಳೆಯಿತು. ಅಲ್ಲಿ ತಯಾರಾದ ಸ್ಟ್ರೌಜರ್ ಎಕ್ಸ್‌ಚೇಂಜುಗಳಲ್ಲಿ ಪ್ರತಿಯೊಂದು ಕರೆಯೂ ಲೋಹದ ತೋಳುಗಳ ಏರಿಕೆ ತಿರುಗಾಟಗಳಿಂದ ಸಾಗುತ್ತಿದ್ದಿತು; ಅನುಭವಿಯಾದ ಮೆಕ್ಯಾನಿಕ್ಕು ಸಾಲುಗಳ ನಡುವೆ ನಡೆಯುತ್ತ, ಆ ಕಟಕಟ ಶಬ್ದದಲ್ಲಿ ತಾಳತಪ್ಪಿದ ಒಂದನ್ನು ಕಿವಿಯಿಂದಲೇ ಗುರುತಿಸಿ, ಧೂಳು ಹಿಡಿದ ಸಂಪರ್ಕಬಿಂದುವನ್ನು ಒರೆಸುತ್ತಿದ್ದನು. ‘ಫೋನ್ ಡೆಡ್ ಆಗಿದೆ’ ಎಂದು 198ಕ್ಕೆ ದೂರು ಬರೆಸಿದವರ ಮನೆಗೆ ಲೈನ್‌ಮನ್ ಬರುವುದಕ್ಕೆ ಮೊದಲೇ, ಎಕ್ಸ್‌ಚೇಂಜಿನ ಟೆಸ್ಟ್ ಡೆಸ್ಕಿನಲ್ಲಿ ಕುಳಿತವನು ಆ ಜೋಡಿತಂತಿಯನ್ನು ಅಳೆದು, ತುಂಡೋ ಅರ್ತೋ ತಗುಲಿಕೆಯೋ ಎಂಬುದನ್ನು ಗೊತ್ತುಮಾಡಿರುತ್ತಿದ್ದನು. ಓಶಾನೆಸಿಯ ಕಾಲದ ಮೂರು ಜಾತಿಗಳೇ.

ಈ ವೃತ್ತಿಯ ಸ್ವರೂಪ ಬದಲಾದುದು ಕಿತ್ತೂರಿನಲ್ಲಿ ಎಂದರೆ ಅತಿಶಯೋಕ್ತಿಯಾಗಲಾರದು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ತಾನು ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜನ್ನು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸ್ಥಾಪಿಸಿತು. 128 ಲೈನುಗಳ ಆ ಯಂತ್ರವನ್ನು ಹವಾನಿಯಂತ್ರಣವಿಲ್ಲದ ಕೊಠಡಿಯಲ್ಲಿ, ಹಳ್ಳಿಯ ಧೂಳನ್ನೂ ಬೇಸಗೆಯ ತಾಪವನ್ನೂ ತಾಳಿಕೊಳ್ಳುವಂತೆ ರೂಪಿಸಿದ್ದರು. ಹೊರದೇಶದಿಂದ ಬಂದ ಎಕ್ಸ್‌ಚೇಂಜುಗಳು ತಂಪು ಕೊಠಡಿಯಿಲ್ಲದೆ ಕೈಕೊಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೆ ಇದರೊಡನೆ ಇನ್ನೊಂದು ಬದಲಾವಣೆಯೂ ಬಂದಿತು. ಕೆಟ್ಟ ಬಿಂದುವನ್ನು ಹುಡುಕಿ ಒರೆಸುವ ಕಾಲ ಮುಗಿದು, ಕೆಟ್ಟ ಕಾರ್ಡನ್ನು ಕಿತ್ತು ಹೊಸ ಕಾರ್ಡನ್ನು ಸಿಕ್ಕಿಸುವ ಕಾಲ ಮೊದಲಾಯಿತು. ಕೆಲಸ ಶೀಘ್ರವಾಯಿತು, ಕೆಲಸಗಾರನ ಅರಿವು ಮಾತ್ರ ಕಾರ್ಡಿನ ಅಂಚಿಗೆ ಬಂದು ನಿಂತಿತು. ಇದನ್ನು ಪೂರ್ತಿಯಾಗಿ ಲಾಭವೆಂದು ಎಣಿಸಲು ನನಗೆ ಮನಸ್ಸು ಬಾರದು.

ಕಚೇರಿಗಳೊಳಗೆ ಕಂಪ್ಯೂಟರುಗಳನ್ನು ಬೆಸೆಯುವ ಈಥರ್‌ನೆಟ್ 1973ರಲ್ಲಿ ಅಮೆರಿಕದ ಜೆರಾಕ್ಸ್ ಪ್ರಯೋಗಶಾಲೆಯಲ್ಲಿ ರೂಪುಗೊಂಡಿತು. ಮುಂದೆ ಎಲ್ಲೆಡೆ ಹರಡಿದ ಅದರ ತೆಳುಕೇಬಲಿನ ರೂಪದಲ್ಲಿ, 185 ಮೀಟರುಗಳವರೆಗಿನ ಒಂದೇ ಕೇಬಲು ಮೇಜಿನಿಂದ ಮೇಜಿಗೆ ಹಾಯ್ದು, ಎರಡು ತುದಿಗಳಲ್ಲಿಯೂ 50 ಓಮ್‌ಗಳ ಬಿರಡೆಗಳನ್ನು ಹೊತ್ತಿರುತ್ತಿದ್ದಿತು. ಯಾರೋ ಕುರ್ಚಿಯನ್ನು ಸರಿಸುವಾಗ ಒಂದು ಕೊಂಡಿ ಸಡಿಲವಾದರೆ ಆ ಮಾರ್ಗದ ಎಲ್ಲ ಮೇಜುಗಳೂ ಮೂಕವಾಗುವುವು. ಪುನಃ ದೂರು ಒಂದೆಡೆ, ದೋಷ ಇನ್ನೊಂದೆಡೆ. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯದ ಪ್ರಯೋಗಶಾಲೆಯೊಂದರಲ್ಲಿದ್ದ ಮೈಕ್ ಮ್ಯೂಸ್ ಎಂಬುವನು, ಸರಿಯಾಗಿ ನಡೆಯದ ತನ್ನ ಜಾಲದಿಂದ ಬೇಸತ್ತು, ಒಂದು ರಾತ್ರಿಯಲ್ಲಿ ‘ಪಿಂಗ್’ ಎಂಬ ಸಣ್ಣ ಸಾಧನವನ್ನು ಬರೆದನು. ದೂರದ ಯಂತ್ರವನ್ನು ಕೂಗಿ, ಅದು ಓಗೊಟ್ಟಿತೇ, ಎಷ್ಟು ಹೊತ್ತಿಗೆ ಓಗೊಟ್ಟಿತು ಎಂಬುದನ್ನು ಅದು ಹೇಳುತ್ತದೆ. ಜಲಾಂತರ್ಗಾಮಿಗಳನ್ನು ಶಬ್ದದಿಂದ ಪತ್ತೆಹಚ್ಚುವ ಸೋನಾರ್ ಅದಕ್ಕೆ ಹೆಸರನ್ನೂ ಮಾದರಿಯನ್ನೂ ಒದಗಿಸಿತು. ಅದನ್ನು ಬಳಸಿದವನೊಬ್ಬನ ಪ್ರಸಂಗವನ್ನು ಮ್ಯೂಸನೇ ಸಂತೋಷದಿಂದ ಹೇಳಿಕೊಂಡಿದ್ದಾನೆ: ಬಂದುಹೋಗುವ ದೋಷವೊಂದನ್ನು ಹಿಡಿಯಲಾರದೆ, ಆತನು ಪ್ರತಿಯೊಂದು ಓಗೊಡುವಿಕೆಗೂ ಯಂತ್ರವೇ ‘ಪಿಂಗ್’ ಎಂದು ಗಟ್ಟಿಯಾಗಿ ಉಚ್ಚರಿಸುವಂತೆ ಮಾಡಿ, ಕಟ್ಟಡದಲ್ಲೆಲ್ಲ ನಡೆಯುತ್ತ ಒಂದೊಂದೇ ಕೊಂಡಿಯನ್ನು ಅಲುಗಿಸಿ, ಯಾವ ಕೊಂಡಿಯನ್ನು ಮುಟ್ಟಿದಾಗ ಧ್ವನಿ ನಿಂತಿತೋ ಅದನ್ನು ಬದಲಿಸಿದನಂತೆ. ಸ್ಟ್ರೌಜರ್ ಸಾಲುಗಳ ನಡುವೆ ಕಿವಿಗೊಟ್ಟು ನಡೆದ ನಮ್ಮ ಮೆಕ್ಯಾನಿಕ್ಕಿಗೂ ಇವನಿಗೂ ಇರುವುದು ಕಾಲದ ಅಂತರವಷ್ಟೆ. ಇಂದು ಕೇಬಲಿನೊಳಕ್ಕೆ ಒಂದು ಮಿಡಿತವನ್ನೋ ಬೆಳಕಿನ ಒಂದು ಮಿನುಗನ್ನೋ ಕಳುಹಿಸಿ, ಮುರಿದ ಎಡೆಯಿಂದ ಪ್ರತಿಫಲಿಸಿ ಬರಲು ಹಿಡಿದ ಕಾಲದಿಂದ ದೂರವನ್ನು ಗುಣಿಸುವ ಉಪಕರಣಗಳು ಕೈಚೀಲದಲ್ಲಿ ಹಿಡಿಸುತ್ತವೆ.

2013ರ ಜುಲೈ ತಿಂಗಳಿನಲ್ಲಿ ಭಾರತದಲ್ಲಿ ತಂತಿಸೇವೆ ನಿಂತಿತು. ವಾರ್ಲಿಯ ವರದಿಯೂ ಶ್ವೆಂಡ್ಲರನ ಕೈಪಿಡಿಯೂ ‘ಗ್ರೇಟ್ ಈಸ್ಟರ್ನ್’ ನೌಕೆಯ ದಿನಚರಿಯೂ ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಮಳೆಯಲ್ಲಿ ತುಂಗಭದ್ರೆಯ ದಂಡೆಯುದ್ದಕ್ಕೂ ನಡೆದ ಲೈನಿನ ಆಳುಗಳು ಮಾತ್ರ ಒಂದು ಸಾಲನ್ನೂ ಬರೆದಿಟ್ಟಿಲ್ಲ; ಅವರನ್ನು ಕೇಳಿ ಬರೆದುಕೊಂಡವರೂ ಇಲ್ಲ. ಅವರ ಕಾಲ ನಮ್ಮ ಕೈಮೀರಿತು. ಆದರೆ ದೂರವಾಣಿನಗರದ ಕಾರ್ಖಾನೆಯಲ್ಲಿ ದುಡಿದವರು, ಜಿಲ್ಲೆಯ ಎಕ್ಸ್‌ಚೇಂಜುಗಳ ಟೆಸ್ಟ್ ಡೆಸ್ಕಿನಲ್ಲಿ ಕುಳಿತವರು, ಹೆಗಲ ಮೇಲೆ ಏಣಿ ಹೊತ್ತು ಸೈಕಲ್ಲಿನಲ್ಲಿ ಹಳ್ಳಿಗಳನ್ನು ಸುತ್ತಿದ ಲೈನ್‌ಮನ್ನರು ನಮ್ಮ ಊರುಗಳಲ್ಲಿ ಪಿಂಚಣಿ ಪಡೆಯುತ್ತ ಇನ್ನೂ ಇದ್ದಾರೆ. ಯಾವ ದೋಷವನ್ನು ಯಾವ ಗುರುತಿನಿಂದ ಹಿಡಿದರು, ಯಾವುದಕ್ಕೆ ಯಾವ ಹೆಸರಿಟ್ಟಿದ್ದರು, ಯಾವುದು ಕಡೆಯವರೆಗೂ ಕೈಗೆ ಸಿಕ್ಕಲಿಲ್ಲ ಎಂಬುದನ್ನು, ಬಲ್ಲವರು ಅವರ ಬಳಿ ಕುಳಿತು ಕನ್ನಡದಲ್ಲಿ ಬರೆದುಕೊಳ್ಳಬೇಕು. ಈ ಕೆಲಸಕ್ಕೆ ಹೆಚ್ಚು ವರ್ಷಗಳು ಉಳಿದಿಲ್ಲ.